ಕಚ್ಚುವುದು ಉಣುಗು, ಹೆಸರು ಮಂಗನದ್ದು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಸುದ್ದಿಗಳಲ್ಲಿ ‘ಮಂಗನ ಕಾಯಿಲೆ ಅಟ್ಟಹಾಸ’, ‘ರಣಕೇಕೆ’, ‘ಮತ್ತೊಂದು ಬಲಿ’ ಶುರುವಾಗುತ್ತವೆ. ಯಕ್ಷಗಾನದ ರಕ್ಕಸನಿಗೆ ಒಪ್ಪುವ ಮಾತುಗಳಿವು. ಜ್ವರ ಬಂದವನಿಗೆ ಇವುಗಳಿಂದ ಉಪಯೋಗವಿಲ್ಲ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಈ ರೋಗ ಪತ್ತೆಯಾಯಿತು, ಹಾಗಾಗಿ ಈ ಹೆಸರು. ಆದರೆ ವೈರಾಣು ನಮಗೆ ದಾಟುವುದು ಉಣುಗು ಕಚ್ಚಿ. ಮಂಗ, ಮುಸುವಗಳೂ ಅದೇ ಕಡಿತಕ್ಕೆ ಸಾಯುತ್ತವೆ. ಅವುಗಳ ರಕ್ತದಲ್ಲಿ ವೈರಾಣು ಹೆಚ್ಚಿ ಇನ್ನಷ್ಟು ಉಣುಗುಗಳಿಗೆ ಸೇರುತ್ತದೆ, ನಿಜ. ಹಾಗೆಂದು ಮಂಗನನ್ನು ಕೊಂದರೆ? ಮೈ ತಣ್ಣಗಾಗುತ್ತಲೇ ಉಣುಗುಗಳು ಕಳೇಬರ ಬಿಟ್ಟು ಸುತ್ತಲಿನ ದರಕಿಗೆ, ಅಂದರೆ ಒಣ ತರಗೆಲೆಗೆ, ಇಳಿಯುತ್ತವೆ. ಸತ್ತ ಮಂಗನ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಇದಕ್ಕೇ. ಬಾಳೆ, ಅಡಿಕೆ ಹಾಳಾಗಿ ಮೊದಲೇ ಸಿಟ್ಟಿರುವ ಊರಿನಲ್ಲಿ ಈ ಹೆಸರು ಕೋವಿಗೊಂದು ನೆಪ. ಮಂಗನ ಹೆಸರಿನದೇ ಇನ್ನೊಂದು ರೋಗ ‘ಮಂಕಿಪಾಕ್ಸ್’ನ ಭಯಕ್ಕೆ 2022ರಲ್ಲಿ ಬ್ರೆಜಿಲ್‌ನಲ್ಲಿ ಮಂಗಗಳಿಗೆ ಕಲ್ಲು, ವಿಷ ಬಿದ್ದವು. ಅದೇ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗವನ್ನು ‘ಎಂಪಾಕ್ಸ್’ ಎಂದು ಕರೆಯಲು ಹೇಳಿತು.

ಹೆಸರಿನ ಇನ್ನೊಂದು ಕೇಡು ಹುಸಿ ಧೈರ್ಯ. ‘ನಮ್ಮ ಬೆಟ್ಟದಲ್ಲಿ ಮಂಗ ಸತ್ತಿಲ್ಲ’ ಎಂದು ದರಕು ಗುಡಿಸಲು ಹೋಗುತ್ತಾರೆ. ಗಸಗಸೆಯಷ್ಟೇ ಇರುವ ಮರಿ ಉಣುಗುಗಳು ಮಳೆಗಾಲ ಮುಗಿದ ಮೇಲಿನ ಒಣ ತಿಂಗಳುಗಳಲ್ಲೇ ಹೆಚ್ಚು, ದರಕು ತರುವುದೂ ಆಗಲೇ. ಮೇಯಲು ಹೋದ ದನದ ಮೈಮೇಲೂ ಉಣುಗು ಕೊಟ್ಟಿಗೆಗೆ ಬರುತ್ತದೆ. ಪರಿಣಾಮ ಸಾಲದೆ ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲೆ ಉಳಿದದ್ದು ಮೈ ಕಾಯ್ದುಕೊಳ್ಳುವುದೊಂದೇ: ಕಾಡಿಗೆ ಹೊರಡುವ ಮೊದಲು ಕೈಕಾಲು, ಕುತ್ತಿಗೆಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಬಂದೊಡನೆ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ. ಸಂಜೆಯವರೆಗೆ ಅದೇ ಬಟ್ಟೆಯಲ್ಲಿದ್ದರೆ ಬೆಳಿಗ್ಗೆ ಹಚ್ಚಿದ ಎಣ್ಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

‘ಶಂಕಿತ’ ಎಂಬ ಪದವನ್ನೂ ನೋಡಿ. ಕಳ್ಳನಿಗೂ ಅದೇ, ಉಗ್ರನಿಗೂ ಅದೇ, ಜ್ವರದ ಕೂಲಿಯವನಿಗೂ ಅದೇ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವಲ್ಲ. ಆದರೂ ಊರಿನ ಹೆಸರು ಹಾಕಿ ‘ಶಂಕಿತರು ಪತ್ತೆ’ ಎಂದು ಬರೆದರೆ ಆ ಕೇರಿಯವರನ್ನು ಕೆಲಸಕ್ಕೆ ಕರೆಯಲು ಜನ ಹಿಂದೆಮುಂದೆ ನೋಡುತ್ತಾರೆ, ಜ್ವರ ಬಂದವರು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ರಕ್ತದಲ್ಲಿ ವೈರಾಣು ಪತ್ತೆಹಚ್ಚುವ ಮೊದಲ ದಿನಗಳ ಪಿಸಿಆರ್ ಪರೀಕ್ಷೆ ತಪ್ಪುತ್ತದೆ. ಏಕಾಏಕಿ ಜ್ವರ, ಹಣೆಯಲ್ಲಿ ಸಿಡಿತ, ಸೊಂಟ–ಮೀನಖಂಡದ ನೋವು ಕಂಡರೆ ಅಂಗಡಿಯ ನೋವಿನ ಮಾತ್ರೆ ನುಂಗುತ್ತ ಕೂರಬಾರದು, ರಕ್ತಸ್ರಾವದ ಅಪಾಯವಿದೆ. ರೋಗಕ್ಕೆಂದೇ ಔಷಧವಿಲ್ಲ, ನೀರಿನಂಶ ಕಾಪಾಡುವ ಆರೈಕೆಯೇ ಜೀವ ಉಳಿಸುವುದು.

‘ಗುಣಮುಖ’ ಎಂಬುದನ್ನು ಬರೆಯಲು ಅವಸರ ಬೇಡ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದವರಲ್ಲಿ 10–20% ಜನರಿಗೆ ಮತ್ತೆ ಜ್ವರ, ತೀವ್ರ ತಲೆನೋವು, ನಡುಕ, ಗೊಂದಲ ಕಾಣಿಸುತ್ತದೆ. ಪತ್ರಿಕೆ ಓದಿ ನಿಶ್ಚಿಂತರಾದ ಮನೆಯವರು ಅದನ್ನು ಸುಸ್ತು ಎಂದುಕೊಳ್ಳುತ್ತಾರೆ.

ಬಾಯಿಗೆ ಬಂದ ಹೆಸರನ್ನು ಒಂದೇ ವರ್ಷದಲ್ಲಿ ಬದಲಿಸಲಾಗದು. ಶೀರ್ಷಿಕೆಯಲ್ಲಿ ಮಂಗ ಇರಲಿ, ಆದರೆ ಸುದ್ದಿಯ ಮೊದಲ ಸಾಲಿಗೆ ಉಣುಗು ಬರಲಿ. ಡೆಪಾ ಎಣ್ಣೆ ಯಾವ ಉಪಕೇಂದ್ರದಲ್ಲಿ ಸಿಗುತ್ತದೆಂಬುದೂ ಅಲ್ಲೇ ಇರಲಿ.

— ಕೆಲವು ಓದುಗರು, ಶಿರಸಿ