ಮಗಳಿಗೊಂದು ಪತ್ರ: ಸೀಟು ತೆಗೆದುಕೊಳ್ಳುವ ಮುಂಚೆ

ಪುಟ್ಟಿ,

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆಯಲ್ಲ, "ಎದುರುಮನೆ ಅಣ್ಣ ಬಿಇ ಮುಗಿಸಿ ವರ್ಷದಿಂದ ಮನೇಲೇ ಇದ್ದಾನೆ, ನಾನ್ಯಾಕೆ ಓದಬೇಕು ಅಪ್ಪ?" ಅಂತ. ಆಗ ಉತ್ತರ ಹೊಳೆಯಲಿಲ್ಲ. ಬಾಯಲ್ಲಿ ಹೇಳೋಕಿಂತ ಬರೆಯೋದೇ ಸುಲಭ ಅನ್ನಿಸಿತು.

ನಾನು ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದವನು. 19 ವರ್ಷದಿಂದ ಸಿಎನ್‌ಸಿ ಮೆಷಿನ್ ಮುಂದೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬ ಡಿಪ್ಲೊಮಾ ಹುಡುಗ ಸೇರಿದ. ಮೆಷಿನ್‌ಗೆ ಟೂಲಿನ ಅಳತೆ (ಟೂಲ್ ಆಫ್‌ಸೆಟ್) ಕೊಡೋದು, ಸೂಕ್ಷ್ಮ ಅಳತೆಗೆ ಮೈಕ್ರೋಮೀಟರ್ ಹಿಡಿಯೋದು ಎಲ್ಲಾ ನಾನೇ ಕಲಿಸಿದೆ. ಈಗ ಅವನೇ ಶಿಫ್ಟ್ ಇನ್‌ಚಾರ್ಜ್, ನನ್ನ ರಜೆ ಚೀಟಿಗೆ ಸಹಿ ಹಾಕುವವನೂ ಅವನೇ. ಒಳ್ಳೇ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಆದರೆ ಕೆಲಸ ಎಷ್ಟು ಗೊತ್ತಿದ್ದರೂ ಮೇಲಿನ ಹುದ್ದೆಗೆ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೇ ಓದು ಬಿಡಬೇಡ.

ನನಗೆ ಭಯ ಇರೋದು ಓದಿನ ಬಗ್ಗೆ ಅಲ್ಲ, ಕಾಲೇಜಿನವರೇ ಹೆಚ್ಚು ಫೀಸಿಗೆ ಕೊಡುವ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟಿನ ಬಗ್ಗೆ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಕೂಡಿ ನೋಡಿದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ 10 ಲಕ್ಷ ಸಾಲ, ಬಡ್ಡಿ ಶೇ. 10 ಅಂತಿಟ್ಟುಕೋ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟೋದು ಬೇಡ ಅಂತಾರೆ, ನಿಜ, ಆದರೆ ಬಡ್ಡಿ ಸುಮ್ನೆ ಕೂರಲ್ಲ, ಅಷ್ಟರಲ್ಲಿ ಸಾಲ ಹದಿಮೂರೂವರೆ ಲಕ್ಷ ಆಗಿರುತ್ತೆ. ಹತ್ತು ವರ್ಷ ತಿಂಗಳಿಗೆ ಸುಮಾರು 18 ಸಾವಿರ ಕಟ್ಟಬೇಕು. ಐಟಿ ಕಂಪನಿಗಳಲ್ಲಿ ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಎಷ್ಟೋ ವರ್ಷದಿಂದ ಹಾಗೇ ಇದೆ, ಕೈಗೆ 25 ಸಾವಿರ ಬಂದರೆ ಜಾಸ್ತಿ. ಉಳಿದ 7 ಸಾವಿರದಲ್ಲಿ ಈ ಊರಲ್ಲಿ ಹೇಗೆ ಬದುಕ್ತೀಯ?

ಸಿಇಟಿ ಪರೀಕ್ಷೆಯ ರ‍್ಯಾಂಕಿನ ಮೇಲೆ ಸಿಗುವ ಸೀಟಿನ ಫೀಸು ನಾನು ಹೇಗಾದರೂ ಹೊಂದಿಸುತ್ತೇನೆ. ಬೇಕಾದ ಕಾಲೇಜು, ಬ್ರಾಂಚ್ ಪಟ್ಟಿ ಮಾಡುವ ಆಪ್ಷನ್ ಎಂಟ್ರಿಯಲ್ಲಿ ಸಿವಿಲ್, ಮೆಕ್ಯಾನಿಕಲ್ ಕೂಡ ಹಾಕು. ಕೆ.ಆರ್. ಸರ್ಕಲ್‌ನ ಯುವಿಸಿಇ, 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿಸಿದ ಎಂಜಿನಿಯರಿಂಗ್ ಕಾಲೇಜು, ಅಲ್ಲಿ ಯಾವ ಬ್ರಾಂಚ್ ಸಿಕ್ಕರೂ ನನಗೆ ಖುಷಿ. ಬಿಎಸ್ಸಿ ಮಾಡ್ತೀನಿ ಅಂದರೂ ಸರಿ.

ಭಾನುವಾರ ಬಿಟ್ಟು ಸೋಮವಾರ ರಜೆ ಹಾಕಿದ್ದೇನೆ, ಎರಡು ಮೂರು ಕಾಲೇಜು ನೋಡಿ ಬರೋಣ. ಪ್ಲೇಸ್‌ಮೆಂಟ್ ಬೋರ್ಡಿನಲ್ಲಿ ಒಬ್ಬರ ದೊಡ್ಡ ಪ್ಯಾಕೇಜು ಬರೆದಿರುತ್ತಾರೆ, ಉಳಿದವರಿಗೆ ಎಷ್ಟು ಸಿಕ್ಕಿತು ಅಂತ ನೀನೇ ಬಾಯಿಬಿಟ್ಟು ಕೇಳಬೇಕು. ಎದುರುಮನೆ ಅಣ್ಣನನ್ನೂ ಕರೆದಿದ್ದೇನೆ, ಬರ್ತೀನಿ ಅಂದಿದ್ದಾನೆ.

ನಿನ್ನ ಅಪ್ಪ