ಅಪ್ಪನ ಹಾಲಿಗೆ ಇರುವ ಪರೀಕ್ಷೆ ಮಕ್ಕಳ ಚೀಸ್‌ಗೂ ಇರಲಿ: ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ನನ್ನ ತವರು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಹತ್ತಿರ ಎರಡು ಪಂಢರಪುರಿ ಎಮ್ಮೆ ಇವೆ. ಬೆಳಿಗ್ಗೆ ಐದೂವರೆಗೆ ಹಿಂಡಿ, ಕ್ಯಾನ್ ಹಿಡಿದು ಡೇರಿಗೆ ಹೋಗುತ್ತಾರೆ. ಅಲ್ಲಿ ದಿನಾಲೂ ಹಾಲಿನ ಪರೀಕ್ಷೆ ಆಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು ಅಂತ ಚೀಟಿ ಬರುತ್ತದೆ. ಫ್ಯಾಟ್ ಇಳಿದರೆ ದುಡ್ಡೂ ಇಳಿಯುತ್ತದೆ. ಹಾಲು ಎಷ್ಟು ಗಟ್ಟಿ ಅಂತ ಅಳೆಯುವ ಮಾಪಕದಲ್ಲಿ ಡಿಗ್ರಿ ಬರಲಿಲ್ಲ ಅಂದರೆ ಹಾಲನ್ನೇ ವಾಪಸ್ ಕಳಿಸುತ್ತಾರೆ. ಅಪ್ಪ ಇದಕ್ಕೆ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. "ಮಂದಿ ಮಕ್ಕಳು ಕುಡಿಯೂ ಹಾಲು, ನೋಡೇ ತಗೋಬೇಕು" ಅನ್ನುತ್ತಾರೆ.

ನಾನು ಈಗ ಇರುವುದು ತಿಲಕವಾಡಿಯಲ್ಲಿ. ಇಬ್ಬರು ಮಕ್ಕಳು. ಈ ಪತ್ರ ಚೀಸ್ ಬಗ್ಗೆ. ಹತ್ತು ವರ್ಷದ ಹಿಂದೆ ಚೀಸ್ ನಮ್ಮ ಮನೆಗಳಲ್ಲಿ ಅಪರೂಪಕ್ಕೆ ಬರುತ್ತಿತ್ತು. ಈಗ ಹಾಗಿಲ್ಲ. ಚೀಸ್ ದೋಸೆ, ಚೀಸ್ ಸ್ಯಾಂಡ್‌ವಿಚ್, ಗಾಡಿ ಮೇಲಿನ ಪಿಜ್ಜಾ, ಕೊನೆಗೆ ಪಾವ್ ಭಾಜಿ ಮೇಲೂ ತುರಿದ ಚೀಸ್. ಮಕ್ಕಳ ಡಬ್ಬಿಯಲ್ಲಿ ವಾರಕ್ಕೆ ಎರಡು ಸಲ ಇದ್ದೇ ಇರುತ್ತದೆ. ಹಾಲಿನಿಂದ ಆಗಿದ್ದು, ಮಕ್ಕಳಿಗೆ ಒಳ್ಳೆಯದು ಅಂದುಕೊಂಡೇ ನಾವು ಕೊಡುತ್ತೇವೆ.

ಹೋದ ತಿಂಗಳು ಮಗಳ ಹುಟ್ಟುಹಬ್ಬ ಇತ್ತು. ಪೇಟೆಯ ಒಂದು ಅಂಗಡಿಯಲ್ಲಿ ಪಿಜ್ಜಾ ಚೀಸ್ ಕೇಳಿದೆ. ಒಂದು ಕಿಲೋದ ಬಿಳಿ ಗಟ್ಟಿ ಕೊಟ್ಟರು, 260 ರೂಪಾಯಿ. "ಎಲ್ಲಾರೂ ಇದನ್ನ ಒಯ್ತಾರ್ರೀ ಅಕ್ಕಾರ, ಗಾಡಿಯವರೂ ಇದನ್ನ ಒಯ್ತಾರ" ಅಂದರು. ಮನೆಗೆ ತಂದು ಕಾಯಿಸಿದರೆ ಮೇಲೆ ಎಣ್ಣೆ ತೇಲಿತು. ಹಾಲಿನ ವಾಸನೆ ಒಂಚೂರೂ ಇಲ್ಲ. ಅತ್ತೆ ಕವರ್ ಹಿಡಿದುಕೊಂಡು, "ಇದರಾಗ ಏನೇನ್ ಹಾಕ್ಯಾರ, ಓದಿ ಹೇಳವ್ವಾ" ಅಂದರು. ಇಂಗ್ಲಿಷಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು: ನೀರು, ತಾಳೆ ಎಣ್ಣೆ, ಪಿಷ್ಟ, ಆಮೇಲೆ ಹಾಲಿನ ಪ್ರೋಟೀನು, ಕೆಲವು ನಂಬರುಗಳು. ಹೆಸರಿನ ಪಕ್ಕದಲ್ಲಿ 'ಅನಲಾಗ್' ಅಂತ ಒಂದು ಪದ. ಅಂದರೆ ಚೀಸ್‌ನಂತೆ ಕಾಣುವ ಇನ್ನೇನೋ. ಒಂಬತ್ತು ಮಕ್ಕಳು ಪಿಜ್ಜಾಕ್ಕೆ ಕಾಯುತ್ತಿದ್ದರು. ಅವತ್ತು ಚೀಸ್ ಇಲ್ಲದೆಯೇ ಮಾಡಿ ಕೊಟ್ಟೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ಚೀಸ್ ಆಗಲು ಸುಮಾರು 10 ಲೀಟರ್ ಆಕಳ ಹಾಲು ಬೇಕು. ಎಮ್ಮೆ ಹಾಲಾದರೆ ಸ್ವಲ್ಪ ಕಡಿಮೆ ಸಾಕು. ಲೀಟರಿಗೆ 45 ರೂಪಾಯಿ ಹಿಡಿದರೂ ಹಾಲಿಗೇ 450 ರೂಪಾಯಿ ಆಯಿತು. ಕೆಲಸ, ಕರೆಂಟು, ಫ್ರಿಜ್ಜು, ಸಾಗಾಟ ಎಲ್ಲ ಬೇರೆ. 260ಕ್ಕೆ ಕಿಲೋ ಹಾಲಿನ ಚೀಸ್ ಸಿಗಲು ಸಾಧ್ಯವೇ ಇಲ್ಲ. ಹಾಲು ಹಾಕುವ ಮನೆಯಲ್ಲಿ ಬೆಳೆದ ನನಗೇ ಇದು ಅಂಗಡಿಯಲ್ಲಿ ಹೊಳೆಯಲಿಲ್ಲ.

ಇಂಥ ಅನಲಾಗ್ ಮಾರುವುದು ಅಪರಾಧ ಅಲ್ಲ, ಅದು ಗೊತ್ತು. ನಿಷೇಧ ಮಾಡಿ ಅಂತಲೂ ನಾನು ಕೇಳುತ್ತಿಲ್ಲ. ಆದರೆ ಅದನ್ನು ಹಾಲಿನ ಪದಾರ್ಥದ ಹೆಸರಿನಲ್ಲಿ ಮಾರುವಂತಿಲ್ಲ. ಲೇಬಲ್ ದಾರಿ ತಪ್ಪಿಸಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷದವರೆಗೆ ದಂಡ ಇದೆ. ಕಾನೂನು ಇದೆ. ಅಂಗಡಿಯಲ್ಲಿ, ಗಾಡಿ ಮೇಲೆ ಅದು ಕಾಣುತ್ತಿಲ್ಲ.

ನನ್ನಂಥ ತಾಯಂದಿರು ಏನು ನೋಡಿ ಕೊಳ್ಳಬೇಕು? ನಾನು ಈಗ ಮೊದಲು ನೋಡುವುದು ಪದಾರ್ಥಗಳ ಸಾಲು. ಯಾವುದು ಹೆಚ್ಚು ತೂಕ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ. ಒಳ್ಳೆಯ ಚೀಸ್‌ಗೆ ಬೇಕಾದದ್ದು ಹಾಲು, ಹೆಪ್ಪು, ಹಾಲು ಒಡೆಯುವ ಕಿಣ್ವ, ಉಪ್ಪು, ಇಷ್ಟೇ. ಸ್ಲೈಸ್, ಕ್ಯೂಬ್‌ಗಳು ಹೆಚ್ಚಾಗಿ ಸಂಸ್ಕರಿಸಿದ ಚೀಸ್, ಅಂದರೆ ಚೀಸ್ ಕರಗಿಸಿ ಮತ್ತೆ ಅಚ್ಚು ಹಾಕಿದ್ದು. ಅದರಲ್ಲಿ ಮೊದಲು 'ಚೀಸ್' ಅಂತ ಇರಬೇಕು, ಆಮೇಲೆ 331, 339, 452 ಇಂಥ ನಂಬರು ಬರುತ್ತವೆ. ಕರಗಿದಾಗ ಕೊಬ್ಬು, ನೀರು ಬೇರೆಯಾಗದಂತೆ ಹಿಡಿಯುವ ಲವಣಗಳು ಇವು. ಕಾನೂನಿನ ಒಪ್ಪಿಗೆ ಇದೆ. ಆದರೆ ಅವುಗಳ ಜೊತೆ ಸೋಡಿಯಂ ಕೂಡ ಸೇರುತ್ತದೆ. ಸಂಸ್ಕರಿಸಿದ ಚೀಸ್‌ನ 100 ಗ್ರಾಂನಲ್ಲಿ 1000 ಮಿಲಿಗ್ರಾಂ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ ಸೋಡಿಯಂ ಇರುತ್ತದೆ. ದೊಡ್ಡವರಿಗೇ ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ 5 ಗ್ರಾಂ ಉಪ್ಪು. 20 ಗ್ರಾಂನ ಎರಡು ಸ್ಲೈಸ್ ಹಾಕಿದ ಒಂದು ಸ್ಯಾಂಡ್‌ವಿಚ್‌ನಲ್ಲೇ ಅದರ ಐದನೇ ಒಂದು ಭಾಗ ಮುಗಿಯಿತು. ಜೊತೆಗೆ ಚಿಪ್ಸ್ ಇದ್ದರೆ ಕೇಳುವುದೇ ಬೇಡ. ಅದಕ್ಕೇ ನಮ್ಮ ಮನೆಯಲ್ಲಿ ಈಗ ಸ್ಲೈಸ್ ವಾರಕ್ಕೆ ಒಂದೇ ಸಲ. ಉಳಿದ ದಿನ ಮನೆಯಲ್ಲೇ ಹಾಲು ಒಡೆಸಿ ಮಾಡಿದ ಪನೀರ್. ಇಲ್ಲವೇ ರೊಟ್ಟಿ, ಶೇಂಗಾ ಚಟ್ನಿ, ಕೆನೆ ಮೊಸರು. ಮಕ್ಕಳು ಎರಡು ದಿನ ಮುಖ ಊದಿಸಿಕೊಂಡರು, ಆಮೇಲೆ ರೂಢಿ ಆಯಿತು.

ಅಯೋಡಿನ್ ಹಾಕಿ ನೋಡಿ ಅಂತ ಸುಮಾರು ಜನ ಹೇಳುತ್ತಾರೆ. ಪಿಷ್ಟ ಇದ್ದರೆ ಕಪ್ಪು-ನೀಲಿ ಆಗುತ್ತದೆ, ಅದು ನಿಜ. ಆದರೆ ತಾಳೆ ಎಣ್ಣೆಯನ್ನು ಅದು ಹಿಡಿಯುವುದಿಲ್ಲ. ಎಳೆ ಎಳೆಯಾಗಿ ಎಳೆದುಕೊಂಡರೆ ಅಸಲಿ ಚೀಸ್ ಅನ್ನುವುದೂ ತಪ್ಪು, ಅನಲಾಗ್ ಕೂಡ ಹಾಗೇ ಎಳೆಯುತ್ತದೆ. ಎಣ್ಣೆ ಬೆರೆತಿದ್ದನ್ನು ಖಚಿತವಾಗಿ ಹೇಳಲು ಪ್ರಯೋಗಾಲಯವೇ ಬೇಕು. ನಮ್ಮ ಪುಣ್ಯಕ್ಕೆ ಬೆಳಗಾವಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ಕಾಯ್ದೆಯ 40ನೇ ಕಲಂ ಪ್ರಕಾರ ಗ್ರಾಹಕರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಸಿಕ್ಕರೆ ಶುಲ್ಕ ವಾಪಸ್. ಆದರೆ ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕೊಡುತ್ತೇನೆ" ಅಂತ ಅಂಗಡಿಯವರಿಗೆ ಹೇಳಬೇಕಂತೆ. ದಿನಾ ಮುಖ ನೋಡುವ ಅಂಗಡಿಯಲ್ಲಿ ನಿಂತು ಹಾಗೆ ಹೇಳುವ ಧೈರ್ಯ ಎಷ್ಟು ಹೆಣ್ಣುಮಕ್ಕಳಿಗೆ ಇರುತ್ತದೆ, ಹೇಳಿ? ಈ ಭಾರವನ್ನು ನಮ್ಮ ಮೇಲೆ ಹಾಕಬೇಡಿ. ಆಹಾರ ಸುರಕ್ಷತೆಯ ಜಿಲ್ಲಾ ಸಮಿತಿಗೆ ನೀವೇ ಅಧ್ಯಕ್ಷರು. ನಿಮ್ಮ ಅಧಿಕಾರಿಗಳು ಖಡೇಬಜಾರ್, ಗಣಪತಿ ಗಲ್ಲಿಯಿಂದ ಹಿಡಿದು ಗೋಕಾಕ, ಅಥಣಿ, ಚಿಕ್ಕೋಡಿ ಪೇಟೆಗಳವರೆಗೆ ಚೀಸ್, ಪನೀರ್ ಮಾದರಿ ತೆಗೆಯಲಿ. ಒಂದು ಸಲ ತೆಗೆದು ಬಿಡುವುದಲ್ಲ, ಮೂರು ತಿಂಗಳಿಗೊಮ್ಮೆ. ಏನು ಬಂತು ಅಂತ ಕನ್ನಡದಲ್ಲಿ ಎಲ್ಲರಿಗೂ ತಿಳಿಸಿ.

ಹೋಟೆಲ್, ಗಾಡಿಗಳ ಮಾತು ಬೇರೆ. ಪ್ಯಾಕೆಟ್ ಆದರೆ ಓದಬಹುದು. ಕರಗಿ ಪ್ಲೇಟಿಗೆ ಬಂದದ್ದನ್ನು ಹೇಗೆ ಓದುವುದು? "ಇಲ್ಲಿ ಹಾಲಿನ ಚೀಸ್ ಬಳಸುತ್ತೇವೆ" ಅಥವಾ "ಇಲ್ಲಿ ಎಣ್ಣೆಯ ಅನಲಾಗ್ ಬಳಸುತ್ತೇವೆ" ಅಂತ ಒಂದು ಬೋರ್ಡ್ ಹಾಕಿಸಿ. ಬೋರ್ಡ್ ಇದ್ದರೆ ಸಾಕು, ಯಾವುದು ಬೇಕು ಅಂತ ತಿನ್ನುವವರು ನಿರ್ಧಾರ ಮಾಡುತ್ತಾರೆ. ಕಡಿಮೆ ದುಡ್ಡಿಗೆ ತಿನ್ನುವವರಿಗೂ ತಾವು ತಿನ್ನುತ್ತಿರುವುದು ಏನು ಅಂತ ಗೊತ್ತಾಗಬೇಕು, ಅಲ್ವಾ?

ಇನ್ನು ಭಾಷೆ. ಕೇಂದ್ರದ 2020ರ ಲೇಬಲ್ ನಿಯಮದಲ್ಲಿ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿ ಇಲ್ಲ, ಕಡ್ಡಾಯವೂ ಇಲ್ಲ. ನನ್ನ ಅತ್ತೆ ದಿನಾ ಪೇಪರ್ ಓದುತ್ತಾರೆ, ಮೊಮ್ಮಕ್ಕಳ ಡಬ್ಬಿ ಕಟ್ಟುವವರೂ ಅವರೇ. ಆದರೆ ಆ ಕವರ್ ಮುಂದೆ ಅವರು ಓದು ಬಾರದವರಂತೆ ನಿಲ್ಲಬೇಕಾಯಿತು. ಅದನ್ನು ನೋಡಿ ನನಗೆ ತುಂಬಾ ಸಂಕಟ ಆಯಿತು. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧಕ್ಕೆ ಸರ್ಕಾರವೇ ಬರುತ್ತದೆ. ಪದಾರ್ಥಗಳ ಸಾಲು ಕನ್ನಡದಲ್ಲೂ ಇರಬೇಕು ಅಂತ ಕೇಂದ್ರಕ್ಕೆ ಬರೆಯಲು ಆಗ ಅವರಿಗೆ ಹೇಳಿ. ಅಲ್ಲಿಯವರೆಗೆ ಅಂಗಡಿಯ ಫ್ರಿಜ್ ಮೇಲೆ ಒಂದು ಕನ್ನಡ ಚೀಟಿ ಅಂಟಿಸಲು ನೀವೇ ಸೂಚಿಸಬಹುದು.

ಆ ಕವರನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಬರುವ ಸೋಮವಾರ ಮನವಿ ಜೊತೆ ನಿಮ್ಮ ಕಚೇರಿಗೆ ತಂದು ಕೊಡುತ್ತೇನೆ. ಅಪ್ಪನ ಆ ದಿನದ ಡೇರಿ ಚೀಟಿಯನ್ನೂ ಅದಕ್ಕೆ ಪಿನ್ ಮಾಡಿರುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಇಂತಿ,
ಇಬ್ಬರು ಮಕ್ಕಳ ತಾಯಿ
ತಿಲಕವಾಡಿ, ಬೆಳಗಾವಿ