ಅಪ್ಪನ ಜೊತೆ ನಡೆದವರಿಗೆ

ಕಳೆದ ಭಾನುವಾರ ನನ್ನ ಅಪ್ಪ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ, ಅದರ ನೆತ್ತಿಯ ಮೇಲಿರುವ ಭೂತಪ್ಪನ ಕಟ್ಟೆಯ ಪಕ್ಕದಲ್ಲಿ ಕುಳಿತು ನನಗೆ ವಿಡಿಯೋ ಕರೆ ಮಾಡಿದರು. ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅವರಿಗೆ ಸ್ವಲ್ಪ ಏದುಸಿರು ಇತ್ತು, ಆದರೆ ಮಾತು ಎಲ್ಲಿಯೂ ತುಂಡಾಗಲಿಲ್ಲ. ವೃತ್ತಿಯ ಅಭ್ಯಾಸದಿಂದ ನಾನು ಮೊದಲು ಗಮನಿಸಿದ್ದು ಅದನ್ನೇ. ಅವರಿಗೆ ಹೃದಯಾಘಾತವಾಗಿ ಅಂದಿಗೆ ಒಂದು ವರ್ಷ ತುಂಬಿತ್ತು. ನಾನು ಈ ನಗರದಲ್ಲಿ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದಯ ಪುನಶ್ಚೇತನದ ನರ್ಸ್ ಆಗಿ ಹತ್ತು ವರ್ಷ ಮುಗಿಸಿದ್ದೂ ಇದೇ ತಿಂಗಳಲ್ಲಿ. ಈ ಎರಡೂ ಒಟ್ಟಿಗೆ ಬಂದಿರುವಾಗ, ಇಷ್ಟು ದಿನ ಫೋನಿನಲ್ಲಿ ಅರ್ಧಂಬರ್ಧ ಹೇಳಿದ ಧನ್ಯವಾದಗಳನ್ನು ಪೂರ್ತಿಯಾಗಿ, ಬರವಣಿಗೆಯಲ್ಲಿ ಸಲ್ಲಿಸಬೇಕೆಂದು ಅನ್ನಿಸಿದೆ.

ನನ್ನ ಕೆಲಸ ಏನೆಂಬುದು ಊರಿನಲ್ಲಿ ಹಲವರಿಗೆ ತಿಳಿದಿಲ್ಲವಾದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ಹೃದಯಾಘಾತವಾದವರು, ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರು, ಬೈಪಾಸ್ ಆದವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಮತ್ತೆ ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು, ಕೆಲಸಕ್ಕೆ ಮರಳುವುದನ್ನು ಹಂತ ಹಂತವಾಗಿ ಕಲಿಸುವುದು, ಮಾತ್ರೆಗಳು ಯಾವುದಕ್ಕೆ ಏನು ಮಾಡುತ್ತವೆ ಎಂದು ತಿಳಿಸುವುದು, ಅವರ ಭಯವನ್ನು ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಒಂದು ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲು ಬಿಡುತ್ತಿರಲಿಲ್ಲ. ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ರೋಗಿಯನ್ನು ಬೇಗನೆ ಹಾಸಿಗೆಯಿಂದೆಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದೇ ಒಳ್ಳೆಯದೆಂದು ತೋರಿಸಿದರು. ಕುರ್ಚಿಯಿಂದ ಎದ್ದು ನಡೆಯುವುದು, ನಡಿಗೆಯಿಂದ ಕ್ರಮಬದ್ಧ ವ್ಯಾಯಾಮ ಎಂದು ಈ ವಿದ್ಯೆ ಬೆಳೆದದ್ದು ಅಲ್ಲಿಂದ ಮುಂದೆ. ಎಪ್ಪತ್ತು ವರ್ಷಗಳ ಹಿಂದೆಯೇ ಬಗೆಹರಿದ ಈ ವಿಷಯ ನನ್ನದೇ ಮನೆಯ ಜಗುಲಿಯನ್ನು ಇನ್ನೂ ತಲುಪಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಕಳೆದ ವರ್ಷ.

ಅದು ಅಡಿಕೆಯ ಕೊನೆಕೊಯ್ಲಿನ ಸಮಯ. ರಾತ್ರಿ ಊಟವಾದ ಮೇಲೆ ಎದೆ ಹಿಡಿದಂತಾಗಿ, ನೋವು ಎಡ ಭುಜಕ್ಕೂ ದವಡೆಗೂ ಹರಡಿದಾಗ ಅಪ್ಪ ಗ್ಯಾಸ್ ಎಂದು ಹೇಳಿ ಜೀರಿಗೆ ಕಷಾಯ ಕೇಳಿದರು. ಅಮ್ಮ ಕಷಾಯ ಕಾಯಿಸಲಿಲ್ಲ. ಅಪ್ಪನ ಬನಿಯನ್ ಬೆವರಿನಿಂದ ಒದ್ದೆಯಾಗಿದ್ದನ್ನು ನೋಡಿದ ಕೂಡಲೇ ತಮ್ಮನನ್ನು ಎಬ್ಬಿಸಿ ಜೀಪು ಹೊರಡಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿ ಕರ್ತವ್ಯದಲ್ಲಿದ್ದ ಸ್ಟಾಫ್ ನರ್ಸ್ ಅಕ್ಕ, ಹೆಸರು ಬರೆಸಿ ಬನ್ನಿ ಎಂದು ಹೇಳದೆ, ಬಾಗಿಲಲ್ಲಿಯೇ ಅಪ್ಪನ ಮುಖ ನೋಡಿ ಒಳಗೆ ಮಲಗಿಸಿ, ನಿಮಿಷಗಳಲ್ಲಿ ಇಸಿಜಿ ತೆಗೆದರು. 2021ರಲ್ಲಿ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯನ್ನು ನೀವು ಕೇಳಿರಬಹುದು. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಅಪ್ಪನಿಗೆ ಆ ಚುಚ್ಚುಮದ್ದು ಸಿಕ್ಕಿದ್ದು ನೋವು ಶುರುವಾಗಿ ಎರಡು ಗಂಟೆ ತುಂಬುವುದರೊಳಗೆ. ಮಲೆನಾಡಿನ ತಿರುವು ರಸ್ತೆಯಲ್ಲಿ ರಾತ್ರಿ ಹೊತ್ತು ಪಟ್ಟಣದವರೆಗೆ ಹೋಗಿ ಅದನ್ನು ಪಡೆಯಬೇಕಾಗಿದ್ದರೆ ಅವರ ಹೃದಯದ ಎಷ್ಟು ಸ್ನಾಯು ಉಳಿಯುತ್ತಿತ್ತು ಎಂಬುದನ್ನು ನಾನು ನನ್ನ ಕೆಲಸದ ಕಾರಣದಿಂದ ಬೇಡವೆಂದರೂ ಲೆಕ್ಕ ಹಾಕಬಲ್ಲೆ. ಆ ನರ್ಸ್ ಅಕ್ಕನಿಗೆ, ಆ ರಾತ್ರಿಯ ಡಾಕ್ಟರಿಗೆ, ಮರುದಿನ ಅಪ್ಪನನ್ನು ಸ್ಟೆಂಟ್ ಹಾಕಿಸಲು ಕರೆದೊಯ್ದ 108 ಆಂಬ್ಯುಲೆನ್ಸ್‌ನವರಿಗೆ ನಮ್ಮ ಇಡೀ ಮನೆ ಋಣಿ.

ಸ್ಟೆಂಟ್ ಹಾಕಿದ ಆಸ್ಪತ್ರೆಯಲ್ಲಿ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಆದರೆ ನಾಲ್ಕನೆಯ ದಿನ ಡಿಸ್ಚಾರ್ಜ್ ಮಾಡುವಾಗ ಮಾತ್ರೆಯ ಚೀಟಿಯನ್ನೂ ಮುಂದಿನ ತಪಾಸಣೆಯ ತಾರೀಕನ್ನೂ ಕೊಟ್ಟರೇ ಹೊರತು, ನಾಳೆ ಬೆಳಿಗ್ಗೆ ಎದ್ದು ಎಷ್ಟು ಹೆಜ್ಜೆ ನಡೆಯಬೇಕೆಂದು ಯಾರೂ ಹೇಳಲಿಲ್ಲ. ‘ರೆಸ್ಟ್ ತಗೊಳ್ಳಿ’ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಅಪ್ಪ ಮನೆಗೆ ಬಂದರು. ನೋಡಲು ಬಂದ ನೆಂಟರೆಲ್ಲರೂ ಪ್ರೀತಿಯಿಂದಲೇ ಅದನ್ನು ಮತ್ತಷ್ಟು ಬಿಗಿ ಮಾಡಿದರು: ಏಳಬೇಡಿ, ಬಗ್ಗಬೇಡಿ, ಕೊಡಪಾನ ಮುಟ್ಟಬೇಡಿ, ಇನ್ನು ತೋಟದ ಆಸೆ ಬಿಡಿ. ನಲವತ್ತು ವರ್ಷ ಅಡಿಕೆ ತೋಟದಲ್ಲಿ ಓಡಾಡಿದ ಮನುಷ್ಯ ಜಗುಲಿಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಪೇಪರ್ ಓದುವುದನ್ನು ಬಿಟ್ಟರು, ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತಿಗೆ ತಿರುಗಿಯೂ ನೋಡಲಿಲ್ಲ. ಹೃದಯಾಘಾತದ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಆವರಿಸುತ್ತದೆ. ನಮ್ಮ ವಿಭಾಗಕ್ಕೆ ಬರುವ ಪ್ರತಿಯೊಬ್ಬರನ್ನೂ ನಾವು ಇದಕ್ಕಾಗಿಯೇ ಪ್ರಶ್ನೆಗಳ ಮೂಲಕ ಪರೀಕ್ಷಿಸುತ್ತೇವೆ. ಅಪ್ಪನನ್ನು ಕೇಳುವವರು ಅಲ್ಲಿ ಇರಲಿಲ್ಲ.

ನಾನಿದ್ದೆ, ಆದರೆ ತಪ್ಪಾಗಿ ಇದ್ದೆ. ಎರಡು ವಾರ ರಜೆ ಹಾಕಿ ಊರಿಗೆ ಹೋಗಿ ಬಂದ ಮೇಲೆ ದಿನವೂ ಫೋನ್ ಮಾಡಿ, ಬಿಪಿ ಎಷ್ಟು, ನಾಡಿ ಎಷ್ಟು, ಎಷ್ಟು ನಡೆದಿರಿ, ಉಪ್ಪಿನಕಾಯಿ ತಿಂದಿರಾ, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿದಿರಾ ಎಂದು ಒಂದರ ಹಿಂದೆ ಒಂದು ಕೇಳುತ್ತಿದ್ದೆ. ರೋಗಿಯ ಮುಂದೆ ಅಂಕಿಗಳನ್ನು ಸುರಿಯಬೇಡಿ, ಮೊದಲು ಅವರಿಗೆ ಏನು ಬೇಕು ಎಂದು ಕೇಳಿ ಎಂದು ಹೊಸದಾಗಿ ಸೇರಿದ ನರ್ಸ್‌ಗಳಿಗೆ ಕಲಿಸುವವಳು ನಾನು. ಅಪ್ಪ ಮೂರನೆಯ ವಾರದಿಂದ ನನ್ನ ಕರೆ ಬಂದರೆ ಫೋನನ್ನು ಅಮ್ಮನ ಕೈಗೆ ಕೊಡತೊಡಗಿದರು. ಅವರಿಗೆ ನಾನು ಮಗಳಾಗಿರಬೇಕಿತ್ತು. ಭಯದಲ್ಲಿ ಬರೀ ನರ್ಸ್ ಆಗಿಬಿಟ್ಟೆ. ಅದಕ್ಕಾಗಿ ಅಪ್ಪನಲ್ಲಿ ಇಲ್ಲಿಯೂ ಕ್ಷಮೆ ಕೇಳುತ್ತೇನೆ.

ಅಪ್ಪನನ್ನು ಎಬ್ಬಿಸಿದವರು ಮೇಷ್ಟ್ರು. ನಮ್ಮ ಪಕ್ಕದ ಮನೆಯವರು, ನನಗೆ ಐದನೆಯ ತರಗತಿಯಲ್ಲಿ ಗಣಿತ ಕಲಿಸಿದವರು, ನಿವೃತ್ತರಾಗಿ ಬಹಳ ವರ್ಷಗಳಾದವು. ನಾನು ಅವರಿಗೆ ಫೋನ್ ಮಾಡಿ ಅತ್ತ ಮರುದಿನ ಬೆಳಿಗ್ಗೆ ಆರೂವರೆಗೆ ಅವರು ಕೋಲು ಹಿಡಿದು ಜಗುಲಿಗೆ ಬಂದು, ‘ಮಾರಾಯ್ರೇ, ನನಗೆ ಒಬ್ಬನೇ ನಡೆಯೋಕೆ ಆಗ್ತಿಲ್ಲ, ಸ್ವಲ್ಪ ಜೊತೆಗೆ ಬನ್ನಿ’ ಎಂದು ಕರೆದರಂತೆ. ಸಹಾಯ ಮಾಡಲು ಬಂದಿದ್ದೇನೆ ಎನ್ನದೆ ಸಹಾಯ ಕೇಳಿದರು. ಅಪ್ಪ ಎದ್ದರು. ಮೊದಲ ದಿನ ಮನೆಯ ಉಣಗೋಲಿನಿಂದ ಒಂದನೆಯ ಲೈಟ್ ಕಂಬದವರೆಗೆ, ಅಲ್ಲಿ ಸ್ವಲ್ಪ ನಿಂತು ಹಿಂದಕ್ಕೆ. ಮೂರು ದಿನ ಅಷ್ಟೇ. ನಾಲ್ಕನೆಯ ದಿನ ಎರಡನೆಯ ಕಂಬ. ಹೀಗೆ ಕಂಬದಿಂದ ಕಂಬಕ್ಕೆ, ಮಳೆ ಬಂದ ದಿನ ಜಗುಲಿಯ ಉದ್ದಕ್ಕೆ, ಹನ್ನೆರಡು ವಾರ ಅವರು ಬಿಡದೆ ನಡೆಸಿದರು.

ಇಲ್ಲಿ ನಾವು ರೋಗಿಯ ಶಕ್ತಿಯನ್ನು ಅಳೆಯಲು ಬಳಸುವ ಶಟಲ್ ವಾಕ್ ಎಂಬ ಪರೀಕ್ಷೆ ಇದೇ ಲೆಸ್ಟರ್‌ನಲ್ಲಿ, ಶ್ವಾಸಕೋಶದ ರೋಗಿಗಳಿಗಾಗಿ ರೂಪುಗೊಂಡು 1992ರಲ್ಲಿ ಪ್ರಕಟವಾದದ್ದು. ಹತ್ತು ಮೀಟರ್ ದಾರಿಯ ಎರಡು ತುದಿಗೆ ಎರಡು ಗುರುತಿಟ್ಟು, ಪೀಪಿಯ ಸದ್ದಿಗೆ ಸರಿಯಾಗಿ ಆ ತುದಿಯಿಂದ ಈ ತುದಿಗೆ ನಡೆಸುತ್ತೇವೆ. ಪ್ರತಿ ನಿಮಿಷಕ್ಕೊಮ್ಮೆ ವೇಗ ಹೆಚ್ಚುತ್ತದೆ. ಮೇಷ್ಟ್ರಿಗೆ ಇದಾವುದೂ ಗೊತ್ತಿರಲಿಲ್ಲ. ನಾನು ಅವರಿಗೆ ಹೇಳಿಕೊಟ್ಟದ್ದು ಎರಡೇ ವಿಷಯ. ನಾಡಿ ಎಣಿಸಬೇಡಿ, ಏಕೆಂದರೆ ಅಪ್ಪ ನುಂಗುವ ಒಂದು ಮಾತ್ರೆ ನಾಡಿಯನ್ನು ನಿಧಾನಗೊಳಿಸುತ್ತದೆ. ಅದರ ಬದಲು, ನಡೆಯುವಾಗ ಮಾತನಾಡಿಸುತ್ತಿರಿ, ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳಲಾಗದಿದ್ದರೆ ವೇಗ ತಗ್ಗಿಸಿ. ಎರಡನೆಯದು, ಎದೆ ಹಿಡಿದಂತಾದರೆ ಅಲ್ಲಿಯೇ ಕೂರಿಸಿ ನಾಲಿಗೆಯ ಕೆಳಗಿಡುವ ಮಾತ್ರೆ ಕೊಡಿ, ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ತಾಳಮದ್ದಲೆಯ ಹಳೆಯ ಅರ್ಥಧಾರಿಯಾದ ಮೇಷ್ಟ್ರು ಮೊದಲನೆಯ ಸೂಚನೆಯನ್ನು ತಮ್ಮದೇ ರೀತಿಯಲ್ಲಿ ಪಾಲಿಸಿದರು. ದಿನಕ್ಕೊಂದು ಪ್ರಸಂಗ ಎತ್ತಿಕೊಂಡು, ತಾವು ಕರ್ಣನಾಗಿ ಅಪ್ಪನನ್ನು ಕೃಷ್ಣನನ್ನಾಗಿಸಿ, ದಾರಿಯುದ್ದಕ್ಕೂ ವಾದ ಹೂಡುತ್ತಿದ್ದರು. ಕೃಷ್ಣನ ಉತ್ತರ ಅರ್ಧಕ್ಕೆ ನಿಂತರೆ ಕರ್ಣನ ಹೆಜ್ಜೆಯೂ ನಿಧಾನವಾಗುತ್ತಿತ್ತು. ಶ್ರಮವನ್ನು ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಅಂಕಿಗಳ ಪಟ್ಟಿಯನ್ನು ನಮ್ಮ ವ್ಯಾಯಾಮ ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ. ರೋಗಿ 11ರಿಂದ 14ರ ನಡುವೆ, ಅಂದರೆ ಹದವಾದ ಶ್ರಮದಲ್ಲಿ ಇರಬೇಕು ಎನ್ನುತ್ತೇವೆ. ಮೇಷ್ಟ್ರು ಆ ಪಟ್ಟಿಯಿಲ್ಲದೆ ಅಪ್ಪನನ್ನು ಸರಿಯಾಗಿ ಅಲ್ಲಿಯೇ ಇರಿಸಿದರು ಎಂದು ನಾನು ಖಚಿತವಾಗಿ ನಂಬುತ್ತೇನೆ. ಮೇಷ್ಟ್ರೇ, ನಿಮಗೆ ನಾನು ಹೇಗೆ ಧನ್ಯವಾದ ಹೇಳಲಿ? ಐದನೆಯ ತರಗತಿಯ ಋಣವೇ ಇನ್ನೂ ತೀರಿಲ್ಲ.

ಊರಿನ ಮೆಡಿಕಲ್ ಶಾಪ್‌ನವರಿಗೂ ಇಲ್ಲಿ ಜಾಗ ಬೇಕು. ಎರಡನೆಯ ತಿಂಗಳು ಅಪ್ಪನಿಗೆ ಯಾರೋ, ರಕ್ತ ತೆಳು ಮಾಡುವ ಮಾತ್ರೆ ಎರಡೆರಡು ಯಾಕೆ, ಒಂದು ಸಾಕು ಎಂದಿದ್ದರು. ಅಪ್ಪ ಒಂದನ್ನು ನಿಲ್ಲಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸದಾಗಿ ಹಾಕಿದ ಸ್ಟೆಂಟ್‌ನ ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಹೃದಯಾಘಾತವಾದವರಿಗೆ ಆ ಎರಡೂ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಿದರೆ ಎರಡನೆಯ ಆಘಾತವನ್ನು ತಾನಾಗಿ ಕರೆದಂತೆ. ತಿಂಗಳ ಮಾತ್ರೆ ಕೊಳ್ಳಲು ತಮ್ಮ ಹೋದಾಗ, ಈ ಸಲ ಒಂದು ಸ್ಟ್ರಿಪ್ ಕಡಿಮೆ ಯಾಕೆ ಎಂದು ಅಂಗಡಿಯವರು ತಾವಾಗಿಯೇ ಕೇಳಿದರು. ಅವರು ಕೇಳದಿದ್ದರೆ ಈ ಬರಹದ ಧಾಟಿ ಬೇರೆಯಾಗಿರುತ್ತಿತ್ತು.

ಅಮ್ಮನ ಬಗ್ಗೆ ಬರೆಯುವುದು ಕಷ್ಟ. ಅಪ್ಪ ಚೇತರಿಸಿಕೊಂಡು ಮೂರು ತಿಂಗಳಾದ ಮೇಲೆ ಒಂದು ದಿನ ಅವರು, ‘ರಾತ್ರಿ ಉಸಿರಾಡ್ತಿದ್ದಾರಾ ಅಂತ ಎದ್ದೆದ್ದು ನೋಡ್ತೀನಿ ಕಣೇ, ನಿದ್ದೆನೇ ಬರಲ್ಲ’ ಎಂದರು. ಹತ್ತು ವರ್ಷಗಳಲ್ಲಿ ನೂರಾರು ಹೆಂಡಂದಿರು ನನಗೆ ಇದೇ ಮಾತನ್ನು ಇಂಗ್ಲಿಷ್‌ನಲ್ಲಿ, ಗುಜರಾತಿಯಲ್ಲಿ, ಪಂಜಾಬಿಯಲ್ಲಿ ಹೇಳಿದ್ದಾರೆ, ಅವರಿಗೆಂದು ನಾನು ಪ್ರತ್ಯೇಕ ಸಮಯ ತೆಗೆದಿಟ್ಟಿದ್ದೇನೆ. ಅಮ್ಮನನ್ನು ಕೇಳಲು ನನಗೆ ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳೂ ಅವರು ಉಪ್ಪು ಕಡಿಮೆ ಹಾಕಿದ ಸಾರನ್ನು ಎಲ್ಲರಿಗೂ ಬಡಿಸಿ, ಅಪ್ಪೆಮಿಡಿಯ ಭರಣಿಯನ್ನು ಅಟ್ಟಕ್ಕೇರಿಸಿ, ತಾವೂ ಅದರ ಕಡೆ ನೋಡದೆ ಇದ್ದರು.

ಇಲ್ಲಿನವರಿಗೂ ಹೇಳಬೇಕಾದದ್ದಿದೆ. ಹತ್ತು ವರ್ಷಗಳ ಹಿಂದೆ ನನ್ನನ್ನು ವಾರ್ಡಿನಿಂದ ರಿಹ್ಯಾಬ್‌ಗೆ ಕರೆತಂದ ಹಿರಿಯ ಸಿಸ್ಟರ್, ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ಹೇಗೆ ನಡೆದು ಬರುತ್ತಾರೆ ಎಂಬುದನ್ನು ಫೈಲ್ ತೆರೆಯುವ ಮೊದಲು ನೋಡಲು ಕಲಿಸಿದರು. ನಾನು ಊರಿಗೆ ಓಡಿದಾಗ ನನ್ನ ತರಗತಿಗಳನ್ನು ಕೇಳದೆಯೇ ಹಂಚಿಕೊಂಡ ಸಹೋದ್ಯೋಗಿಗಳು, ಹಿಂದಿರುಗಿದ ಮೊದಲ ದಿನ ನನ್ನ ಕಣ್ಣು ತುಂಬಿದಾಗ ಕೊಠಡಿಯ ಬಾಗಿಲು ಹಾಕಿ ಚಹಾ ತಂದಿಟ್ಟ ಫಿಸಿಯೋಥೆರಪಿಸ್ಟ್, ನನ್ನ ಅಪ್ಪನಿಗಾಗಿ ಸ್ವಾಮಿನಾರಾಯಣ ಮಂದಿರದ ಪ್ರಸಾದ ತಂದ ಗುಜರಾತಿ ಅಜ್ಜಿ, ಇವರೆಲ್ಲರನ್ನೂ ನೆನೆಯುತ್ತೇನೆ. ಆ ಅಜ್ಜಿ ಮೊದಲು ತರಗತಿಗೆ ಬರಲು ಒಪ್ಪಿರಲೇ ಇಲ್ಲ. ಬ್ರಿಟನ್ನಿನಲ್ಲಿಯೂ ಅರ್ಹರಾದ ರೋಗಿಗಳಲ್ಲಿ ಸರಿಸುಮಾರು ಅರ್ಧದಷ್ಟು ಜನ ಮಾತ್ರ ರಿಹ್ಯಾಬ್‌ಗೆ ಬರುತ್ತಾರೆ, ಹೆಂಗಸರು ಇನ್ನೂ ಕಡಿಮೆ. 2028ರ ಹೊತ್ತಿಗೆ ಅದನ್ನು ನೂರಕ್ಕೆ 85ಕ್ಕೆ ಏರಿಸಬೇಕೆಂದು ಸರ್ಕಾರಿ ಆರೋಗ್ಯ ಸೇವೆ 2019ರಲ್ಲಿ ಗುರಿ ಇಟ್ಟುಕೊಂಡಿತು. ಬಾರದವರ ಮನೆಗೆ ಫೋನ್ ಮಾಡುವುದು ನನ್ನ ಕೆಲಸದ ದೊಡ್ಡ ಭಾಗ, ಮತ್ತು ಈ ವರ್ಷ ನಾನು ಆ ಕರೆಗಳನ್ನು ಮೊದಲಿನಂತೆ ಮಾಡುತ್ತಿಲ್ಲ. ನೀವು ಬರಬೇಕು ಎನ್ನುವ ಬದಲು, ಬೆಳಿಗ್ಗೆ ನಿಮ್ಮ ಜೊತೆ ಯಾರಿರುತ್ತಾರೆ ಎಂದು ಮೊದಲು ಕೇಳುತ್ತೇನೆ. ಇದನ್ನು ಮೇಷ್ಟ್ರಿಂದ ಕಲಿತೆ.

ನಮ್ಮ ದೇಶದಲ್ಲಿಯೂ ಇದಕ್ಕೆ ದಾರಿಗಳನ್ನು ಹುಡುಕುವವರಿದ್ದಾರೆ. ಹೃದಯಾಘಾತವಾದ 3,959 ಜನರನ್ನು ಸೇರಿಸಿಕೊಂಡು, ಭಾರತದ 24 ಆಸ್ಪತ್ರೆಗಳಲ್ಲಿ ಯೋಗ ಆಧಾರಿತ ಪುನಶ್ಚೇತನವನ್ನು ಪರೀಕ್ಷಿಸಿದ ‘ಯೋಗ ಕೇರ್’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸಾವು ಮತ್ತು ಮರು ಆಘಾತಗಳಲ್ಲಿ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಆದರೆ ಯೋಗದ ಗುಂಪಿನವರು ತಮ್ಮ ಹಿಂದಿನ ದಿನಚರಿಗೆ ಹೆಚ್ಚು ಚೆನ್ನಾಗಿ ಮರಳಿದರು. ಎರಡನೆಯದನ್ನು ಸಣ್ಣ ಫಲವೆಂದು ನಾನು ಎಣಿಸಲಾರೆ. ಅಪ್ಪನಿಗೆ ಬೇಕಾಗಿದ್ದುದು ತೋಟಕ್ಕೆ ಮರಳುವುದು, ಅಷ್ಟೇ.

ತಾಲ್ಲೂಕು ಆಸ್ಪತ್ರೆಯ ಆ ಸ್ಟಾಫ್ ನರ್ಸ್ ಅಕ್ಕ ಮೊನ್ನೆ ತಮ್ಮನ ಮೂಲಕ ಒಂದು ಮಾತು ಹೇಳಿ ಕಳುಹಿಸಿದ್ದಾರೆ: ನಿಮ್ಮ ಅಪ್ಪ ನಡೆದ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ, ಇಲ್ಲಿಯ ಡಾಕ್ಟರಿಗೆ ತೋರಿಸಿ, ಮನೆಗೆ ಹೋಗುವ ರೋಗಿಗಳಿಗೆ ಕೊಡುತ್ತೇನೆ. ಬರೆದಿದ್ದೇನೆ. ಅದರಲ್ಲಿ ಮೀಟರ್‌ಗಳಿಲ್ಲ, ಲೈಟ್ ಕಂಬಗಳಿವೆ. ಸಂಕ್ರಾಂತಿಗೆ ಊರಿಗೆ ಬಂದಾಗ ನಾನೇ ಅದನ್ನು ಅವರ ಕೈಗೆ ಕೊಡುತ್ತೇನೆ, ಮತ್ತು ಬೆಳಿಗ್ಗೆ ಆರೂವರೆಗೆ ಅಪ್ಪ ಮತ್ತು ಮೇಷ್ಟ್ರ ಜೊತೆಗೆ ನಡೆಯುತ್ತೇನೆ. ಮೇಷ್ಟ್ರಿಗೆ ಈಗ ಮಂಡಿನೋವು ಶುರುವಾಗಿದೆಯಂತೆ. ಪ್ರತಿ ಕಂಬದ ಬಳಿ ನಿಂತು ಅವರಿಗಾಗಿ ಕಾಯುವವರು ಅಪ್ಪ.